ದ್ರಾಕ್ಷಿ ಸೀಮೆಯ ಹಳೆಯ ಮನೆಗಳು

ಮುಂಗಾರು ಹಿಡಿಯುವ ಮುನ್ನ ಕೊಳೆರೋಗಕ್ಕೆಂದು ನಾವು ಅಡಿಕೆ ಗೊನೆಗಳಿಗೆ ಹೊಡೆಯುವ ಔಷಧಕ್ಕೆ ಬೋರ್ಡೋ ದ್ರಾವಣವೆಂದು ಹೆಸರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಮ್ಮ ಸದಸ್ಯರಿಗೆಲ್ಲ ಬಾಯಿಪಾಠ. ಆದರೆ ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ದ್ರಾಕ್ಷಿ ಸೀಮೆಯ ಹೆಸರೆಂಬುದು ಎಲ್ಲರಿಗೂ ನೆನಪಿರಲಿಕ್ಕಿಲ್ಲ. ಅಲ್ಲಿನ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚಿಡುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗ ಬರುತ್ತಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರೊಫೆಸರರು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್‌ರವರು ಅದೇ ದ್ರಾವಣವನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದರು. ದ್ರಾಕ್ಷಿ ಬೆಳೆಗಾರನಿಗೂ ನಮಗೂ ಇರುವ ನಂಟು ಹೀಗೆ ನೂರು ವರ್ಷಕ್ಕೂ ಹಳೆಯದು.

ಈ ಲೇಖನ ಔಷಧದ ಬಗ್ಗೆ ಅಲ್ಲ, ಮನೆಗಳ ಬಗ್ಗೆ. ಕಳೆದ ಎರಡು ಮೂರು ವರ್ಷಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ಅಜ್ಜನ ಕಾಲದ ತೊಟ್ಟಿಮನೆ ಇದೆ, ಇಟ್ಟುಕೊಳ್ಳುವುದೋ ಕೆಡವುವುದೋ? ಸರ್ಕಾರಕ್ಕೆ ಬರೆದರೆ ಕಾಪಾಡುತ್ತಾರೆಯೇ? ಕಾಪಾಡಿದರೆ ನಮಗೆ ಅದರಲ್ಲಿ ವಾಸಮಾಡಲು ಬಿಡುತ್ತಾರೆಯೇ? ಉತ್ತರ ಹೇಳಲು ಕಾಯ್ದೆ ಓದಿದರೆ ಸಾಲದು, ಕಾಯ್ದೆಯ ಕೆಳಗೆ ಬದುಕುತ್ತಿರುವ ಊರನ್ನು ನೋಡಬೇಕು. ಒಣದ್ರಾಕ್ಷಿ ತಯಾರಿಕೆ ನೋಡಿ ಬರಲು ನಮ್ಮಲ್ಲಿ ಕೆಲವರು ವಿಜಯಪುರ ಜಿಲ್ಲೆಗೆ ಹೋಗುವ ಸಂದರ್ಭ ಬಂದಾಗ ಈ ಪ್ರಶ್ನೆಯನ್ನೂ ಜೊತೆಗೆ ಕಟ್ಟಿಕೊಂಡು ಹೋದೆವು.

ವಿಜಯಪುರವೆಂದರೆ ಎಲ್ಲರಿಗೂ ಗೋಳಗುಮ್ಮಟ. ಶಾಲೆಯ ಮಕ್ಕಳು ಬಸ್ಸಿನಿಂದಿಳಿದು, ಮೇಲೆ ಹತ್ತಿ, ಕೂಗಿ, ಪ್ರತಿಧ್ವನಿ ಕೇಳಿ, ಇಳಿದು, ಮತ್ತೆ ಬಸ್ಸು ಹತ್ತುತ್ತಾರೆ. ನಾವೂ ಕೂಗಿ ಬಂದೆವು, ಸುಳ್ಳೇಕೆ ಹೇಳಬೇಕು. ಆದರೆ ಗುಮ್ಮಟ ಸಮಾಧಿ. ಸಮಾಧಿಯನ್ನು ಯಾರೂ ಬೇಗ ಮುಟ್ಟುವುದಿಲ್ಲ. ಬದುಕಿದವರು ಬಾಳಿದ ಮನೆಗಳ ಗತಿ ಏನಾಯಿತೆಂದು ನೋಡಬೇಕಾದರೆ ಊರಿನ ಓಣಿಗಳಿಗೆ ಇಳಿಯಬೇಕು.

ಜಾಮಿಯಾ ಮಸೀದಿಯಿಂದ ಒಳಕೋಟೆಯ ಕಡೆಗೆ ಬರುವ ದಾರಿಯಲ್ಲಿ ಮೆಹತರ ಮಹಲಿದೆ. ಹೆಸರು ಮಹಲಾದರೂ ಅದು ಅರಮನೆಯಲ್ಲ, ಒಳಗಿರುವ ಸಣ್ಣ ಮಸೀದಿಯೊಂದರ ಹೆಬ್ಬಾಗಿಲು. 1620ರ ಸುಮಾರಿನ ಕಟ್ಟಡ. ಅಗಲ ಕಿರಿದು, ಎತ್ತರ ಹೆಚ್ಚು, ಎರಡು ಪಕ್ಕದಲ್ಲಿ ಮಿನಾರು, ನಡುವೆ ಬೀದಿಯ ಮೇಲೆ ಚಾಚಿದ ಉಪ್ಪರಿಗೆಯ ಕಿಟಕಿ. ನೋಡಿದರೆ ಯಾರೋ ಶ್ರೀಮಂತ ವರ್ತಕನ ಪೇಟೆ ಮನೆಯೆಂದೇ ಅನಿಸುತ್ತದೆ. ಆ ಕಿಟಕಿಯನ್ನೂ ಸೂರನ್ನೂ ಹೊತ್ತಿರುವ ಆನಿಕೆಗಳಲ್ಲಿ ಹಂಸ, ಸಿಂಹ, ಬಳ್ಳಿಗಳು. ನಮ್ಮ ಜೊತೆಗಿದ್ದ ಸದಸ್ಯರೊಬ್ಬರ ಮನೆತನದ ಕಸುಬು ಮರಗೆಲಸ. ಅವರು ಐದು ನಿಮಿಷ ಕತ್ತೆತ್ತಿ ನಿಂತು, "ಇದು ಕಲ್ಲುಕುಟಿಗನ ಕೆಲಸವಲ್ಲ, ಬಡಗಿಯ ಕೆಲಸ. ಮರಕ್ಕೆ ಹಾಕುವ ಉಳಿಯ ಲೆಕ್ಕವನ್ನು ಕಲ್ಲಿಗೆ ಹಾಕಿದ್ದಾರೆ" ಎಂದರು. ಪುಸ್ತಕಗಳೂ ಅದನ್ನೇ ಹೇಳುತ್ತವೆ. ನಮ್ಮವರು ಪುಸ್ತಕ ಓದದೆ ಹೇಳಿದರು.

ಮೆಹತರನೆಂದರೆ ಜಾಡಮಾಲಿ. ಕಥೆ ಹೀಗಿದೆ: ಸುಲ್ತಾನನಿಗೆ ವಾಸಿಯಾಗದ ರೋಗ. ಬೆಳಗ್ಗೆದ್ದು ಮೊದಲು ಕಂಡವನಿಗೆ ಹೊನ್ನು ದಾನಮಾಡೆಂದು ಜ್ಯೋತಿಷಿ ಹೇಳಿದ. ತಾನೇ ಎದುರಾಗಿ ಹೊನ್ನು ಪಡೆಯಬೇಕೆಂಬ ಆಸೆ ಜ್ಯೋತಿಷಿಗೆ. ಸುಲ್ತಾನ ಅವನಿಗಿಂತ ಮುಂಚೆಯೇ ಎದ್ದ. ಕಂಡವನು ಅಂಗಳ ಗುಡಿಸುವವನು. ಅಷ್ಟು ಹೊನ್ನನ್ನು ಏನು ಮಾಡುವುದೆಂದು ತಿಳಿಯದೆ ಆ ಬಡವ ಮಸೀದಿ ಕಟ್ಟಿಸಿದನಂತೆ. ಇತಿಹಾಸಜ್ಞರು ಇದನ್ನು ಒಪ್ಪುವುದಿಲ್ಲ. ಆದರೆ ಓಣಿಯ ಜನ ನಾಲ್ಕು ನೂರು ವರ್ಷ ಈ ಕಥೆ ಹೇಳಿಕೊಂಡೇ ಆ ಬಾಗಿಲಿನ ಕೆಳಗೆ ಓಡಾಡಿದ್ದಾರೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಒಳಕೋಟೆಯಲ್ಲಿ ಗಗನ ಮಹಲಿದೆ. ಒಂದನೆಯ ಅಲಿ ಆದಿಲ್‌ಶಾಹ 1561ರ ಸುಮಾರಿಗೆ ಕಟ್ಟಿಸಿದ್ದು. ಮುಂದೆ ಮೂರು ಕಮಾನು, ನಡುವಿನದು ಅರವತ್ತು ಅಡಿಗೂ ಅಗಲ. ಕೆಳಗೆ ದರ್ಬಾರು, ಮೇಲೆ ರಾಜಮನೆತನದ ವಾಸ. 1686ರಲ್ಲಿ ಔರಂಗಜೇಬನಿಗೆ ಊರು ಒಪ್ಪಿಸಿದ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಇಲ್ಲಿಗೇ ಕರೆತಂದರೆಂದು ಹೇಳುತ್ತಾರೆ. ಇಂದು ಆ ಮಹಲಿಗೆ ಚಾವಣಿಯಿಲ್ಲ. ಕಮಾನಿನ ಕೆಳಗೆ ನಿಂತು ಮೇಲೆ ನೋಡಿದರೆ ಆಕಾಶ. ಗೋಡೆಯಲ್ಲಿ ತೊಲೆ ಕೂರಿಸಿದ್ದ ಗೂಡುಗಳು ಸಾಲಾಗಿ ಬಾಯ್ತೆರೆದು ನಿಂತಿವೆ. ತೊಲೆಗಳು ಎಲ್ಲಿ? ಸುಲ್ತಾನರು ಹೋದ ಮೇಲೆ ಊರು ಕೈಯಿಂದ ಕೈಗೆ ಬದಲಾಯಿತು, ಮೊಗಲರಿಂದ ನಿಜಾಮನಿಗೆ, ನಿಜಾಮನಿಂದ ಪೇಶ್ವೆಗಳಿಗೆ. ಆ ಕಾಲದಲ್ಲಿ ಅರಮನೆಗಳ ಮರಮುಟ್ಟನ್ನೆಲ್ಲ ಕಿತ್ತು ಸಾಗಿಸಿದರೆಂದು ಹಿಂದಿನ ವರದಿಗಳಲ್ಲಿದೆ. ಈ ಬಯಲು ಸೀಮೆಯಲ್ಲಿ ಒಳ್ಳೆಯ ತೊಲೆಯೆಂದರೆ ರೊಕ್ಕ. ಯಜಮಾನನಿಲ್ಲದ ಮನೆಯಲ್ಲಿ ಮೊದಲು ಹೋಗುವುದೇ ಮರ.

ಇನ್ನೊಂದು ಕಟ್ಟಡ ಅಲ್ಲಿಂದ ಕೂಗಳತೆಯಲ್ಲಿದೆ, ಒಳಕೋಟೆಯ ಕಂದಕದ ಪೂರ್ವಕ್ಕೆ. ಅಸಾರ ಮಹಲು. ಮಹಮ್ಮದ ಆದಿಲ್‌ಶಾಹ 1646ರ ಸುಮಾರಿಗೆ ನ್ಯಾಯಸ್ಥಾನವೆಂದು ಕಟ್ಟಿಸಿದ್ದು. ಇದರ ಮುಂಭಾಗಕ್ಕೆ ಕಮಾನೇ ಇಲ್ಲ. ಮೂವತ್ತು ಅಡಿಗೂ ಮೀರಿದ ನಾಲ್ಕು ತೇಗದ ಕಂಬಗಳು ನೇರವಾಗಿ ಎದ್ದು ಚಾವಣಿ ಹೊತ್ತಿವೆ. ಮುಂದೆ ಚೌಕದ ದೊಡ್ಡ ಹೊಂಡ. ಬೇಗಮ್ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಅದಕ್ಕೆ ನೀರು ಬರುವಂತೆ ಮಾಡಿದ್ದರು. ಮೇಲಂತಸ್ತಿನ ಕೋಣೆಗಳ ಗೋಡೆಯಲ್ಲಿ ಹೂವು, ಹೂದಾನಿ, ಮನುಷ್ಯರ ಚಿತ್ರಗಳು. ಮುಖಗಳನ್ನು ಯಾರೋ ಕೆರೆದಿದ್ದಾರೆ. ಗಗನ ಮಹಲಿಗಿಂತ ಇದು ಮರವನ್ನೇ ಹೆಚ್ಚು ನೆಚ್ಚಿಕೊಂಡ ಕಟ್ಟಡ. ಹಾಗಿದ್ದೂ ಅದು ಚಾವಣಿ ಕಳೆದುಕೊಂಡಿತು, ಇದು ಉಳಿಯಿತು.

ಕಾರಣ ಸರಳ. ಪ್ರವಾದಿಯವರ ಕೇಶವೆಂದು ಪೂಜ್ಯಭಾವದಿಂದ ಕಾಣುವ ಅವಶೇಷವನ್ನು ಇಲ್ಲಿ ಇಟ್ಟಿದ್ದಾರೆ. ನ್ಯಾಯಸ್ಥಾನ ನಿಂತುಹೋದರೂ ದೀಪ ನಿಲ್ಲಲಿಲ್ಲ. ಪ್ರತಿ ವರ್ಷ ಉರುಸು ನಡೆಯುತ್ತದೆ. ಜನ ಬರುತ್ತಾರೆ, ಗುಡಿಸುತ್ತಾರೆ, ಸೋರಿದರೆ ಗುಲ್ಲೆಬ್ಬಿಸುತ್ತಾರೆ. ರಾಜ್ಯ ಹೋದಾಗಲೂ ಈ ಕಂಬಗಳಿಗೆ ಕೈಹಚ್ಚುವ ಧೈರ್ಯ ಯಾರಿಗೂ ಬರಲಿಲ್ಲ. ಇಲ್ಲಿದ್ದ ಪುಸ್ತಕ ಭಂಡಾರ ಮಾತ್ರ ಕಳೆದ ಶತಮಾನಕ್ಕೂ ಹಿಂದೆಯೇ ಲಂಡನ್ನಿಗೆ ಹೋಯಿತು. ಜಮಖಾನೆಗಳು ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಹೋದವು. ಕಟ್ಟಡ ಹೋಗಲಿಲ್ಲ.

ಮಲೆನಾಡಿನಿಂದ ಹೋದ ನಮಗೆ ಈ ಎರಡು ಮಹಲುಗಳನ್ನು ಒಂದೇ ದಿನ ನೋಡಿದ್ದು ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಒಣನಾಡಿನಲ್ಲೇ ಮರದ ಮನೆಗೆ ಆ ಗತಿಯಾದರೆ, ಅದರ ನಾಲ್ಕೈದು ಪಟ್ಟು ಮಳೆ ಸುರಿಯುವ ನಮ್ಮಲ್ಲಿ ಬೀಗ ಹಾಕಿದ ಮನೆ ಎಷ್ಟು ದಿನ ನಿಂತೀತು? ಹೆಂಚು ಒಂದು ಜಾರಿದರೆ ರೀಪು ನೆನೆಯುತ್ತದೆ, ರೀಪು ಕೊಳೆತರೆ ಪಕಾಸಿ, ಪಕಾಸಿಯಾದ ಮೇಲೆ ಗೆದ್ದಲು. ಮೂರು ಮಳೆಗಾಲ ಸಾಕು.

ಬ್ರಿಟಿಷರ ಕಾಲದ ಒಂದು ಪ್ರಸಂಗವನ್ನೂ ಹೇಳಬೇಕು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿಯನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹೊಸ ಕಟ್ಟಡ ಕಟ್ಟುವ ಖರ್ಚೇಕೆಂದು ಹಳೆಯವನ್ನೇ ಬಳಸಿಕೊಂಡರು. ಅರಮನೆಗಳು ಕಚೇರಿಗಳೂ ಸಾಹೇಬರ ಬಂಗಲೆಗಳೂ ಆದವು, ಒಂದು ಮಸೀದಿ ಅಂಚೆ ಕಚೇರಿಯಾಯಿತು, ಗೋಳಗುಮ್ಮಟದ ಪಕ್ಕದ ಮಸೀದಿ ಪ್ರವಾಸಿ ಬಂಗಲೆಯಾಯಿತು. ಇದನ್ನು ಕಂಡು ಕೆರಳಿದವರು ವೈಸರಾಯ್ ಲಾರ್ಡ್ ಕರ್ಜನ್. ಮಸೀದಿಗಳಿಂದ ಬಂಗಲೆಯನ್ನೂ ಅಂಚೆಯನ್ನೂ ಎಬ್ಬಿಸಿದ್ದನ್ನು 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ತರುವಾಗಲೂ ಅವರು ಹೇಳಿಕೊಂಡರು. ಕರ್ಜನ್‌ರ ಬಗ್ಗೆ ನಮಗೆ ಬೇರೆ ತಕರಾರುಗಳಿರಬಹುದು, ಈ ವಿಷಯದಲ್ಲಿ ಅವರು ಮಾಡಿದ್ದು ಸರಿ. ಆದರೆ ಕಚೇರಿಯವರು ಅಲ್ಲಿದ್ದಷ್ಟು ದಿನ ಆ ಕಟ್ಟಡಗಳ ಚಾವಣಿ ಸೋರದಂತೆ ನೋಡಿಕೊಂಡಿದ್ದರೆಂಬುದನ್ನೂ ಮರೆಯಬಾರದು.

ಸ್ವಾತಂತ್ರ್ಯಾನಂತರ ಬಂದದ್ದು 1958ರ ಕೇಂದ್ರ ಕಾಯ್ದೆ, ಅದಕ್ಕೆ ಜೊತೆಯಾಗಿ 1961ರಲ್ಲಿ ನಮ್ಮ ರಾಜ್ಯದ ಕಾಯ್ದೆ. ಕೇಂದ್ರದ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇಂದಿಗೂ ಜಾರಿಯಲ್ಲಿದೆ, ಅದು ಬಿಗಿಯಾದದ್ದು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು, ಇದ್ದ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅಪ್ಪಣೆ ಪಡೆದು ಕಟ್ಟಬಹುದು. ಮೀರಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬಯಲಿನಲ್ಲಿ ಒಂಟಿಯಾಗಿ ನಿಂತ ದೇವಾಲಯಕ್ಕೆ ಈ ನಿಯಮ ಒಪ್ಪುತ್ತದೆ. ವಿಜಯಪುರದಂಥ ಊರಿನಲ್ಲಿ, ಓಣಿಗೊಂದು ಸ್ಮಾರಕವಿರುವಲ್ಲಿ, ನೂರು ನೂರು ಮೀಟರಿನ ವೃತ್ತಗಳು ಒಂದರ ಮೇಲೊಂದು ಬಿದ್ದು ಇಡೀ ಓಣಿಗಳೇ ಒಳಗೆ ಸೇರಿಬಿಡುತ್ತವೆ. ಅಂಥ ಓಣಿಯೊಂದರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಮಗೆ ನೀರು ಕೊಡಿಸಿ ಹೇಳಿದರು: "ಈ ಮನಿ ನಮ್ಮ ಮುತ್ತ್ಯಾ ಕಟ್ಟಿಸಿದ್ದರಿ. ಗ್ವಾಡಿ ಬಿದ್ರ ಹಚ್ಚಾಕ ಚೀಟಿ ತರಬೇಕು. ಮ್ಯಾಲೊಂದು ಖೋಲಿ ಏರಿಸೂನು ಅಂದ್ರ ಚೀಟಿನೂ ಸಿಗೂದಿಲ್ಲ. ಮಗನ ಲಗ್ನ ಆಗೇದ, ಸೊಸಿ ಬಂದಾಳ. ಎಲ್ಲಿ ಇರಬೇಕ್ರಿ ಅವರು?" ಮಹಲಿನ ಮೇಲೆ ನಿಮಗೆ ಸಿಟ್ಟೇ ಎಂದು ಕೇಳಿದೆವು. "ಮಹಲಿನ ಮ್ಯಾಲ ಯಾಕ ಸಿಟ್ಟರಿ? ಸಣ್ಣಾಂವ ಇದ್ದಾಗ ಅಲ್ಲೇ ಗೋಲಿ ಆಡೀನಿ" ಎಂದು ನಕ್ಕರು. ಕಾಯ್ದೆ ಬರೆದವರು ಕಟ್ಟಡವನ್ನು ನೋಡಿದರು, ಕಟ್ಟಡದ ನೆರೆಯವನನ್ನು ನೋಡಲಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನೆರೆಯವನಿಗೆ ಸ್ಮಾರಕದಿಂದ ಬರುವುದು ನಷ್ಟವೊಂದೇ ಆದರೆ, ಅದನ್ನು ಕಾಯುವವನು ಇಲಾಖೆಯ ಕಾವಲುಗಾರನೊಬ್ಬನೇ ಆಗುತ್ತಾನೆ.

ನಗರ ಬಿಟ್ಟು ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದರೆ ನಾಲ್ಕಾರು ಮೈಲಿಗೆ ತೊರವಿ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ತೊರವೆ ಇದೇ, ನರಸಿಂಹನ ಗುಡಿ ಇಂದಿಗೂ ಇದೆ. ಇದೇ ನೆರೆಯಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ಊರು ಕಟ್ಟಹೊರಟ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ ಸುಲ್ತಾನನೀತ. ಊರು ಮುಗಿಯಲೇ ಇಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಉಳಿದದ್ದು ಸಂಗೀತ ಮಹಲೆಂದು ಕರೆಯುವ ಬೋಳು ಗೋಡೆ, ಗಗನ ಮಹಲನ್ನೇ ಹೋಲುವ ಕಮಾನುಗಳು. ಇದಕ್ಕೂ ಚಾವಣಿಯಿಲ್ಲ. ಈ ತೊರವಿಯಿಂದಲೇ ನೆಲದೊಳಗಿನ ಸುರಂಗ ಕಾಲುವೆಯಲ್ಲಿ ನಗರಕ್ಕೆ ಕುಡಿಯುವ ನೀರು ಹೋಗುತ್ತಿತ್ತು. ಅಷ್ಟು ನೀರಿನ ಜಾಣತನವಿದ್ದ ಸೀಮೆ ಇದು.

ಮುಂದೆ ತಿಕೋಟಾ. 2017ರಲ್ಲಿ ಬಬಲೇಶ್ವರದ ಜೊತೆಗೆ ತಾಲ್ಲೂಕೆಂದು ಘೋಷಣೆಯಾದ ಊರು. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ಚಪ್ಪರ, ಚಪ್ಪರದ ನಡುನಡುವೆ ಒಣದ್ರಾಕ್ಷಿಯ ಶೆಡ್ಡುಗಳು. ನಮ್ಮ ಸದಸ್ಯರು ಇಲ್ಲಿ ತೋರಿಸಿದ ಉತ್ಸಾಹ ಮಹಲುಗಳ ಮುಂದೆ ತೋರಿಸಲಿಲ್ಲವೆಂದು ಒಪ್ಪಲೇಬೇಕು. ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲ್ಲಿನದು ಕಡ್ಡಿಗೆ, ಅಕ್ಟೋಬರದ್ದು ಹಣ್ಣಿಗೆ. ಬೇಸಿಗೆ ಹತ್ತಿದಾಗ ಕೊಯಿಲು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ತಂತಿ ಬಲೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಬಿಸಿಲು ನೇರವಾಗಿ ತಾಗಬಾರದು, ಗಾಳಿ ಆಡಬೇಕು. ಎರಡು ವಾರದೊಳಗೆ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಮಾಲು ಹೆಚ್ಚಾಗಿ ತಾಸಗಾಂವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಒಣಗಿಸುವ ದಿನಗಳಲ್ಲಿ ಅಕಾಲ ಮಳೆ ಬಂದರೆ ಬಣ್ಣ ಕೆಟ್ಟು ದರ ಬೀಳುತ್ತದೆ. ಕಣದಲ್ಲಿ ಕಾಫಿ ಹರವಿ ಆಕಾಶ ನೋಡುವ ನಮಗೆ ಆ ಮುಖಗಳ ಕಳವಳ ಹೊಸದೆನಿಸಲಿಲ್ಲ. ಅಲ್ಲಿನ ಬೆಳೆಗಾರರೊಬ್ಬರು, "ನೀವು ಮಳಿ ಹೆಚ್ಚಾತು ಅಂತ ಔಷಧ ಹೊಡೀತೀರಿ. ನಾವು ಮಳಿ ಇಲ್ಲ ಅಂತ ಟ್ಯಾಂಕರಿಗೆ ರೊಕ್ಕ ಸುರೀತೀವಿ. ಔಷಧ ಮಾತ್ರ ಇಬ್ಬರದೂ ಒಂದ" ಎಂದರು. ಬೋರ್ಡೋ ಡಬ್ಬ ಅವರ ಶೆಡ್ಡಿನ ಮೂಲೆಯಲ್ಲೂ ಇತ್ತು.

ಆ ಬೆಳೆಗಾರರ ಬೀಗರ ಮನೆ ಬಬಲೇಶ್ವರದ ಕಡೆಯ ಹಳ್ಳಿಯಲ್ಲಿ. ಊಟಕ್ಕೆ ಅಲ್ಲಿಗೇ ಕರೆದೊಯ್ದರು. ಮಾಳಿಗೆ ಮನೆ. ಆಳೆತ್ತರ ದಪ್ಪದ ಮಾತಲ್ಲ, ನಿಜವಾಗಿಯೂ ಎರಡು ಮೊಳಕ್ಕೆ ಮೀರಿದ ದಪ್ಪ ಗೋಡೆ, ಕಂಬ ತೊಲೆಗಳ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಬೆಳಕಿಂಡಿ. ಬಾಗಿಲು ದಾಟಿದರೆ ದನ ಕಟ್ಟುವ ಗ್ವಾದಲಿ, ಮೆಟ್ಟಿಲು ಹತ್ತಿದರೆ ಪಡಸಾಲೆ. ಡೋಣಿ ದಂಡೆಯ ಎರೆಭೂಮಿಯಲ್ಲಿ ಬೆಳೆದ ಜೋಳ ತುಂಬುತ್ತಿದ್ದ ಹಗೇವಿನ ಬಾಯಿಯನ್ನೂ ತೋರಿಸಿದರು, ಈಗ ಮುಚ್ಚಿದೆ. ಹೊರಗೆ ಮಾರ್ಚಿ ತಿಂಗಳ ಬಿಸಿಲು ಕುದಿಯುತ್ತಿದ್ದರೆ ಒಳಗೆ ಪಂಖ ಬೇಡವಾಗಿತ್ತು. ಈ ಮನೆಗೆ ಯಾವ ಇಲಾಖೆಯ ಫಲಕವೂ ಇಲ್ಲ. ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ಮೆತ್ತುತ್ತಾರೆ, ಅಷ್ಟೇ ಅದರ ಸಂರಕ್ಷಣೆ. ದ್ರಾಕ್ಷಿಯಲ್ಲಿ ನಾಲ್ಕು ಕಾಸು ಕಂಡ ವರ್ಷ ಪಕ್ಕದ ಎರಡು ಮನೆಗಳು ಕೆಡವಿ ಆರ್‌ಸಿಸಿ ಕಟ್ಟಿಕೊಂಡವಂತೆ. "ಅವರು ಬ್ಯಾಸಿಗ್ಯಾಗ ಮಧ್ಯಾನ ಮಲಗಾಕ ನಮ್ಮ ಪಡಸಾಲಿಗೇ ಬರ್ತಾರ" ಎಂದು ಮನೆಯ ಅಜ್ಜಿ ರೊಟ್ಟಿ ಬಡಿಸುತ್ತಾ ಹೇಳಿದರು.

ಬೋರ್ಡೋದ ದೇಶದವರು ಇದನ್ನು ಹೇಗೆ ನಿಭಾಯಿಸಿದ್ದಾರೆ ನೋಡಿ. ಫ್ರಾನ್ಸಿನ ಪೂರ್ವದ ಅಲ್ಸಾಸ್ ಪ್ರಾಂತ್ಯದಲ್ಲಿ ರಿಕ್ವಿರ್ ಎಂಬ ದ್ರಾಕ್ಷಾರಸದ ಹಳ್ಳಿಯಿದೆ. ಜನಸಂಖ್ಯೆ ನಮ್ಮ ಒಂದು ಗ್ರಾಮ ಪಂಚಾಯತಿಯ ಕಾಲುಭಾಗವಿರಬಹುದು. ಹದಿನಾರು ಹದಿನೇಳನೆಯ ಶತಮಾನದಲ್ಲಿ ದ್ರಾಕ್ಷಾರಸದಿಂದ ಹಣ ಮಾಡಿದವರು ಕಟ್ಟಿಸಿದ ಮನೆಗಳು ಸಾಲಾಗಿ ನಿಂತಿವೆ. ದಿಸ್ಲೆರ್ ಮನೆಯೆಂಬುದು 1610ರದು, ಮೆಹತರ ಮಹಲಿಗೆ ಹತ್ತು ವರ್ಷ ಹಿರಿಯದು. ಆ ಮನೆಗಳ ಕೆಳಗೆ ನೆಲಮಾಳಿಗೆಗಳಿವೆ, ಸುತ್ತ ಬೆಟ್ಟದ ಮೇಲೆ ಇಂದಿಗೂ ದ್ರಾಕ್ಷಿಯೇ ಇದೆ. ಅವರ ಸ್ಮಾರಕ ಕಾಯ್ದೆ 1913ರದು. ಅದರಲ್ಲಿ ಎರಡು ದರ್ಜೆ. ಮೇಲಿನದರಲ್ಲಿ ಕಲ್ಲೊಂದನ್ನು ಅಲುಗಿಸಲೂ ಅಪ್ಪಣೆ ಬೇಕು, ಕೆಳಗಿನದರಲ್ಲಿ ಹಿಡಿತ ಸಡಿಲ. ಮನೆ ಮಾತ್ರ ಮಾಲೀಕನದೇ. ಆತ ಅದರಲ್ಲೇ ವಾಸವಿರಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ದುರಸ್ತಿಯ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ, ತೆರಿಗೆಯಲ್ಲೂ ರಿಯಾಯಿತಿಯಿದೆ. ನೆರೆಹೊರೆಗೂ ನಿಯಮವಿದೆ. 1943ರ ಕಾಯ್ದೆಯಂತೆ, ಬೇರೆ ಗಡಿ ಗುರುತಿಸದಿದ್ದಲ್ಲಿ, 500 ಮೀಟರ್ ಒಳಗೆ ಕಟ್ಟುವವರು ಸರ್ಕಾರದ ವಾಸ್ತುಶಿಲ್ಪಿಯ ಒಪ್ಪಿಗೆ ಪಡೆಯಬೇಕು.

ಐದುನೂರು ಮೀಟರೆಂದರೆ ನಮ್ಮದಕ್ಕಿಂತ ದೊಡ್ಡ ವೃತ್ತ. ಆದರೆ ಅಲ್ಲಿ ವಾಸ್ತುಶಿಲ್ಪಿ ಕೇಳುವುದು ಹೇಗೆ ಕಟ್ಟುತ್ತೀರೆಂದು: ಎತ್ತರ ಎಷ್ಟು, ಹೆಂಚಿನ ಬಣ್ಣ ಯಾವುದು, ಕಿಟಕಿ ಮರದ್ದೇ. ನಮ್ಮ ನೂರು ಮೀಟರಿನಲ್ಲಿ ಹೊಸದಕ್ಕೆ ಉತ್ತರ ಒಂದೇ, ಇಲ್ಲ. ಅವರಲ್ಲಿ ಕಿರಿಕಿರಿಯಿಲ್ಲವೆಂದಲ್ಲ. ರಿಕ್ವಿರಿನಂಥ ಹಳ್ಳಿಗಳಿಗೆ ಬೇಸಿಗೆಯಲ್ಲಿ ನುಗ್ಗುವ ಪ್ರವಾಸಿಗಳ ಗದ್ದಲವೇ ದೊಡ್ಡ ಗೋಳು. ಆದರೂ ಬೆಳೆಗಾರ ತನ್ನ ಹಳೆಯ ಮನೆಯ ಬಾಗಿಲಿನಲ್ಲೇ ತನ್ನ ಸೀಸೆ ಮಾರುತ್ತಾನೆ. ಮನೆ ಅವನ ಮಾಲಿಗೆ ಮುದ್ರೆಯಿದ್ದಂತೆ. ನಮ್ಮ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಸೂಚಿ ಬಂದಿದೆ, ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೂ ಬಂದಿದೆ. ಬೆಳೆಗೆ ಊರಿನ ಹೆಸರು ಸಿಕ್ಕಿತು. ಆ ಊರು ಹೇಗಿತ್ತೆಂದು ತೋರಿಸುವ ಮನೆಗಳನ್ನು ಮಾತ್ರ ನಾವು ವರ್ಷ ವರ್ಷ ಕಳೆದುಕೊಳ್ಳುತ್ತಿದ್ದೇವೆ.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆಂದು ಹಿರಿಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಬೆಲೆ ಬಿದ್ದಾಗ ಮನೆ ಹೋಗುತ್ತದೆಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಅನುಭವ ಬೇರೆ. ಬ್ರೆಜಿಲ್ಲಿನ ಹಿಮಪಾತದಿಂದ 1994ರಲ್ಲಿ ಕಾಫಿಯ ಬೆಲೆ ಏರಿದ ಮರುವರ್ಷ, 2014ರಲ್ಲಿ ಅಡಿಕೆ ಏರಿದಾಗ, ಈಚೆಗೆ 2024ರಲ್ಲಿ ಕಾಫಿ ಮತ್ತೆ ಏರಿದಾಗ, ಪ್ರತಿ ಸಲವೂ ನಮ್ಮ ಊರುಗಳಲ್ಲಿ ತೊಟ್ಟಿಮನೆಗಳು ಉರುಳಿ ತಾರಸಿ ಎದ್ದಿದೆ. ಬೆಲೆ ಬಿದ್ದಾಗ ಹೋಗುವುದು ಬಿಡಿಬಿಡಿಯಾಗಿ, ಇಂದು ಬಾಗಿಲವಾಡ, ನಾಳೆ ಬೋದಿಗೆ, ನಾಡಿದ್ದು ಮುಚ್ಚಿಗೆಯ ಹಲಗೆ. ಹಿಸ್ಸೆಯಾದ ಮನೆಯ ಗತಿ ಇನ್ನೂ ಕಷ್ಟ. ನಾಲ್ವರು ಅಣ್ಣತಮ್ಮಂದಿರಿಗೆ ನಾಲ್ಕು ಮೂಲೆ, ನಡುವಿನ ತೊಟ್ಟಿಗೆ ಯಾರೂ ಇಲ್ಲ, ಸೋರುವುದು ಅಲ್ಲಿಯೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಕೆಡವಲಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ, ಗುರುತು ಹಾಕಿ, ತಂದು, ಮತ್ತೆ ಜೋಡಿಸಿದ್ದಾರೆ. ಕುಂಜೂರಿನ ಚೌಕಿಮನೆ ಅಲ್ಲಿದೆ, ಭಟ್ಕಳದ ನವಾಯತರ ಮನೆಯಿದೆ, ವಿಜಯಪುರಕ್ಕೆ ನೆರೆಯಾದ ಮುಧೋಳದ ಅರಮನೆಯ ದರ್ಬಾರು ಕೂಡ ಕಡಲ ತೀರಕ್ಕೆ ಬಂದು ಕೂತಿದೆ. ಒಬ್ಬ ಮನುಷ್ಯ ಹಟ ಹಿಡಿದು ಮಾಡಿದ ಈ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಮನೆ ಅಲ್ಲಿಗೆ ಹೋಯಿತೆಂದರೆ ಅದು ನಿಂತಿದ್ದ ಊರಿನಲ್ಲಿ ಅದನ್ನು ಉಳಿಸಿಕೊಳ್ಳಲು ಆಗಲಿಲ್ಲವೆಂದೇ ಅರ್ಥ.

ಹಾಗಾದರೆ ಸದಸ್ಯರ ಪ್ರಶ್ನೆಗೆ ನಾವು ಹೇಳುವುದೇನು? ಸರ್ಕಾರ ನಿಮ್ಮ ಮನೆಯನ್ನು ಸಂರಕ್ಷಿತವೆಂದು ಘೋಷಿಸಲೆಂದು ಕಾಯಬೇಡಿ. ನೂರು ವರ್ಷ ಮೀರಿದ, ಚರಿತ್ರೆಯಲ್ಲೋ ಶಿಲ್ಪದಲ್ಲೋ ವಿಶೇಷವಿರುವ ಕಟ್ಟಡಕ್ಕೆ ಆ ಘೋಷಣೆ. ಸಾಮಾನ್ಯ ತೊಟ್ಟಿಮನೆ, ಐನ್‌ಮನೆಗಳು ಆ ಪಟ್ಟಿಗೆ ಬರುವುದು ಅಪರೂಪ. ಬಂದರೂ ನಿಮ್ಮ ಸುತ್ತಲಿನವರು ಆ ಹಿರಿಯರಂತೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಬೇಕಾದೀತು. ಆದರೆ ಕಾಯ್ದೆಯ ಒಂದು ಮಾತು ನಿಮ್ಮ ಕೈಯಲ್ಲೇ ಇದೆ, ಬಹಳ ಜನಕ್ಕೆ ತಿಳಿಯದು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತು, ಕಟ್ಟಡದಿಂದ ಬಿಡಿಸಿ ತೆಗೆದ ಭಾಗವೂ ಸೇರಿದಂತೆ, ಪುರಾತನ ವಸ್ತುವೆನಿಸುತ್ತದೆ. ಅದರ ವ್ಯಾಪಾರ ಮಾಡುವವನ ಹತ್ತಿರ ಲೈಸೆನ್ಸು ಇರಬೇಕು, ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, "ಹಳೇ ಮರ ಅಲ್ವಾ ಯಜಮಾನ್ರೇ, ಸೌದೆ ರೇಟಿಗೆ ಕೊಟ್ಬಿಡಿ" ಎನ್ನುವವನಿಗೆ ಮೊದಲು ಲೈಸೆನ್ಸು ತೋರಿಸಲು ಹೇಳಿ. ಅರ್ಧ ಜನ ಅಲ್ಲಿಂದಲೇ ಹಿಂದಿರುಗುತ್ತಾರೆ.

ಉಳಿದದ್ದು ಅಸಾರ ಮಹಲಿನಲ್ಲಿ ನಾವು ಕಂಡದ್ದೇ, ಮನೆಗೊಂದು ಕೆಲಸ ಕೊಡಬೇಕು. ವಾಸಕ್ಕೆ ಹೊಸ ಮನೆ ಕಟ್ಟುವವರು ಕಟ್ಟಲಿ, ತಪ್ಪಿಲ್ಲ. ಸೊಸೆಗೆ ಅನುಕೂಲದ ಅಡುಗೆಮನೆ, ಕಕ್ಕಸು ಬೇಡವೇ? ಹಳೆಯದನ್ನು ಕೆಡವದೆ ಅಡಿಕೆ ಸುಲಿಯಲು, ಕಾಳುಮೆಣಸು ಇಡಲು, ವರ್ಷಕ್ಕೊಮ್ಮೆ ಕುಟುಂಬದ ದೇವರ ಕಾರ್ಯಕ್ಕೆ ಬಳಸಿದರೂ ಹೆಂಚು ನೋಡುವವರು ಒಬ್ಬರಿರುತ್ತಾರೆ. ನಮ್ಮ ವ್ಯಾಪ್ತಿಯ ಎರಡು ಕುಟುಂಬಗಳು ತೊಟ್ಟಿಯ ದುರಸ್ತಿಗೆಂದು ಹಿಸ್ಸೆದಾರರೆಲ್ಲ ಕೂಡಿ, ಅಡಿಕೆ ಕೊಯಿಲಾದ ಕೂಡಲೇ ತಲಾ ಇಂತಿಷ್ಟೆಂದು ಎತ್ತಿಡುವ ಪದ್ಧತಿ ಇಟ್ಟುಕೊಂಡಿವೆ. ಮೊತ್ತ ದೊಡ್ಡದಲ್ಲ, ಒಂದು ವರ್ಷದ ಔಷಧದ ಖರ್ಚಿಗೂ ಕಡಿಮೆ. ಎರಡೂ ಮನೆಗಳು ಇಂದಿಗೂ ಸೋರುವುದಿಲ್ಲ.

ಆಡಳಿತ ಮಂಡಲಿಯ ಮುಂದೆ ನಾವು ಇಟ್ಟಿರುವ ಸಲಹೆ ಒಂದಿದೆ. ಸದಸ್ಯರ ಮನೆಗಳಲ್ಲಿ ನೂರು ವರ್ಷ ದಾಟಿದವುಗಳ ಒಂದು ದಾಖಲೆ ಪುಸ್ತಕ ಇಡಬೇಕೆಂದು. ಮನೆಯ ನಕ್ಷೆ, ಕಂಬಗಳ ಸಂಖ್ಯೆ, ಯಾವ ಮರ, ಕಟ್ಟಿದ ಬಡಗಿಯ ಹೆಸರು ನೆನಪಿದ್ದರೆ ಅದು, ನಾಲ್ಕು ಫೋಟೋ. ಅಳತೆಯ ಪಟ್ಟಿಯೂ ನಮೂನೆಯೂ ಕಚೇರಿಯಲ್ಲಿವೆ. ಮೈಲುತುತ್ತ, ಸುಣ್ಣ ಒಯ್ಯಲು ಬಂದಾಗ ಕೇಳಿ ಪಡೆಯಬಹುದು. ಬೋರ್ಡೋ ಸಾಮಗ್ರಿಯ ವಿತರಣೆ ಎಂದಿನಂತೆ ಸೋಮವಾರ ಮತ್ತು ಗುರುವಾರ, ಬೆಳಗ್ಗೆ 10ರಿಂದ.